ಸೂಪರ್ ಗ್ಲೂ ಕೈಕೊಟ್ಟಾಗ: ಸ್ಕೇಲ್ ಮಾಡೆಲ್ ಕಟ್ಟುವವರಿಗೆ ದೋಷ ನಿವಾರಣೆ ಕೈಪಿಡಿ

ನನ್ನ ಹತ್ತಿರ ಮಿಗ್-21 ಯುದ್ಧವಿಮಾನದ 1/72 ಅಳತೆಯ, ಅಂದರೆ ಅಸಲಿಯ 72ನೇ ಒಂದು ಪಾಲಿನ, ಮಾಡೆಲ್ ಒಂದಿದೆ. ಅದರ ಮೂಗಿನಿಂದ ಮುಂದಕ್ಕೆ ಚಾಚಿಕೊಂಡಿರುವ, ವಿಮಾನದ ವೇಗ ಅಳೆಯುವ ಪಿಟೋ ಕಡ್ಡಿ ಇದುವರೆಗೆ ಐದು ಸಲ ಮುರಿದಿದೆ. ಧೂಳು ಒರೆಸುವ ಬಟ್ಟೆ ತಾಗಿ ಎರಡು ಸಲ, ನನ್ನ ತೋಳು ತಾಗಿ ಎರಡು ಸಲ, ಬೆಕ್ಕಿನ ಬಾಲ ತಾಗಿ ಒಂದು ಸಲ. ಪ್ರತಿ ಸಲವೂ ಸೂಪರ್ ಗ್ಲೂ ಹಾಕಿದೆ, ಪ್ರತಿ ಸಲವೂ ಅಂಟನ್ನೇ ಬೈದೆ. ಟ್ಯೂಬ್ ಬದಲಿಸಿದೆ, ದುಬಾರಿ ಬಾಟಲಿ ತರಿಸಿದೆ. ಕೊನೆಗೆ ಮುರಿದ ತುದಿಯನ್ನು ಭೂತಗನ್ನಡಿ ಹಿಡಿದು ನೋಡಿದಾಗ ಗೊತ್ತಾಯಿತು, ಅಂಟಿನದು ತಪ್ಪೇ ಇರಲಿಲ್ಲ.

ಅಂಟು ಹಿಡಿಯದಿದ್ದಾಗ ಎಲ್ಲರೂ ಕೇಳುವುದು ‘ಯಾವ ಕಂಪನಿಯದು ಒಳ್ಳೆಯದು?’ ಅಂತ. ಅದಕ್ಕಿಂತ ಮುಂಚೆ ನೋಡಬೇಕಾದ್ದು ಮೂರು. ಯಾವ ವಸ್ತುವಿಗೆ ಯಾವ ವಸ್ತು ಅಂಟಬೇಕು? ನಡುವೆ ಸಂದು ಎಷ್ಟಿದೆ? ಆ ಜಾಗಕ್ಕೆ ಪೆಟ್ಟು ಯಾವ ಕಡೆಯಿಂದ ಬೀಳುತ್ತದೆ? ಇಷ್ಟು ಗೊತ್ತಾದರೆ ಕಂಪನಿ ಯಾವುದಾದರೂ ನಡೆಯುತ್ತದೆ.

ಕೂರುವ ಮುಂಚೆ ಕಿಟಕಿ ತೆಗೆದಿಡಿ. ಕನ್ನಡಕ ಹಾಕಿಕೊಳ್ಳಿ. ಹತ್ತಿಯ ಕೈಗವಸು ಬೇಡವೇ ಬೇಡ, ಕಾರಣ ಮುಂದೆ ಬರುತ್ತದೆ.

ಯಾವ ತೊಂದರೆ ಇದ್ದರೂ ಮೊದಲು ಎರಡು ಚೂರು ಸ್ಪ್ರೂ

ಕಿಟ್‌ನ ಭಾಗಗಳನ್ನು ಹಿಡಿದುಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟೇ ಸ್ಪ್ರೂ. ಹೇಗೂ ಬಿಸಾಡುವುದು. ಅದರಿಂದ ಒಂದೊಂದು ಇಂಚಿನ ಎರಡು ತುಂಡು ಕತ್ತರಿಸಿ, ಮುಖಗಳನ್ನು ಎಮರಿ ಪೇಪರಿನಲ್ಲಿ ಉಜ್ಜಿ ಚಪ್ಪಟೆ ಮಾಡಿ. ಸೂಜಿ ಮೊನೆಯಷ್ಟು ಅಂಟು ಹಾಕಿ ಒತ್ತಿ, ಇಪ್ಪತ್ತರವರೆಗೆ ಎಣಿಸಿ.

ಹಿಡಿದರೆ ಅಂಟು ಚೆನ್ನಾಗಿದೆ. ತೊಂದರೆ ನಿಮ್ಮ ಭಾಗದಲ್ಲೋ ನಿಮ್ಮ ಕೈಯಲ್ಲೋ ಇದೆ. ಒಂದು ನಿಮಿಷ ಕಳೆದರೂ ಜಾರುತ್ತಿದ್ದರೆ ಟ್ಯೂಬ್ ಹಳೆಯದಾಗಿದೆ. ನೀರಿನಂತೆ ಹರಿಯಬೇಕಾದ ಅಂಟು ಬೆಲ್ಲದ ಪಾಕದಂತೆ ಎಳೆ ಎಳೆಯಾಗಿ ಬಂದರೂ ಅದೇ ಅರ್ಥ. ಹೊಸದು ತನ್ನಿ. ಐದು–ಹತ್ತು ರೂಪಾಯಿಯ ಟ್ಯೂಬಿಗಾಗಿ ಸಾವಿರಾರು ರೂಪಾಯಿಯ ಕಿಟ್ ಹಾಳು ಮಾಡಿಕೊಳ್ಳುವವರನ್ನು ನೋಡಿದ್ದೇನೆ. ಅವರಲ್ಲಿ ನಾನೂ ಒಬ್ಬ.

ಸೂಪರ್ ಗ್ಲೂ ಬರುವುದು ನಾಲ್ಕು ಹದದಲ್ಲಿ. ನೀರಿನಂಥ ತೆಳು, ಎಣ್ಣೆಯಂಥ ಮಧ್ಯಮ, ಜೇನಿನಂಥ ಗಟ್ಟಿ, ಟೂತ್‌ಪೇಸ್ಟ್‌ನಂಥ ಜೆಲ್. ಕಿರಾಣಿ ಅಂಗಡಿಯಲ್ಲಿ ‘ಫೆವಿಕ್ವಿಕ್ ಕೊಡಿ’ ಅಂದರೆ ಸಾಮಾನ್ಯವಾಗಿ ಸಿಗುವುದು ತೆಳುವಿನ ಜಾತಿ. ಮುಂದೆ ‘ತೆಳು’, ‘ಗಟ್ಟಿ’ ಅಂತ ಬಂದಾಗಲೆಲ್ಲ ಈ ಹದ ನೆನಪಿರಲಿ.

ಲಕ್ಷಣ: ಹಿಡಿಯುವುದೇ ಇಲ್ಲ, ಒದ್ದೆಯಾಗೇ ಉಳಿಯುತ್ತದೆ

ಸ್ಪ್ರೂ ಪರೀಕ್ಷೆಯಲ್ಲಿ ಅಂಟು ಪಾಸಾಗಿದೆ, ಆದರೂ ಭಾಗ ಜಾರುತ್ತಿದೆ. ಆಗ ಮೊದಲ ಅನುಮಾನ ನಿಮ್ಮ ಕೈ ಮೇಲೆ: ಜಾಸ್ತಿ ಹಾಕಿದ್ದೀರಿ.

ಫೆವಿಕಾಲ್‌ನಂಥ ಅಂಟುಗಳು ಒಣಗಿ ಗಟ್ಟಿಯಾಗುತ್ತವೆ. ಇದು ಉಲ್ಟಾ. ಭಾಗದ ಮೈಮೇಲೆ ಕಣ್ಣಿಗೆ ಕಾಣದಷ್ಟು ತೇವ ಇರುತ್ತದಲ್ಲ, ಅದು ತಾಗಿದರೆ ಗಟ್ಟಿಯಾಗುತ್ತದೆ. 1942ರಲ್ಲಿ ಅಮೆರಿಕದ ಈಸ್ಟ್‌ಮನ್ ಕೊಡಾಕ್ ಕಂಪನಿಯಲ್ಲಿ ಹ್ಯಾರಿ ಕೂವರ್ ಅವರ ತಂಡ ಬಂದೂಕಿನ ಗುರಿಗನ್ನಡಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದಾಗ ಸಯನೊಅಕ್ರಿಲೇಟ್, ಅಂದರೆ ಸೂಪರ್ ಗ್ಲೂವಿನ ಮೂಲ ರಾಸಾಯನಿಕ, ಕೈಗೆ ಸಿಕ್ಕಿತು. ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ ಅಂತ ಬದಿಗಿಟ್ಟರು. 1951ರಲ್ಲಿ ಮತ್ತೆ ಅದೇ ಎದುರಾಗಿ, ಪರೀಕ್ಷೆಗೆ ಬಳಸಿದ ಉಪಕರಣದ ಗಾಜಿನ ಪಟ್ಟಕಗಳೇ (ಪ್ರಿಸಂ) ಒಂದಕ್ಕೊಂದು ಅಂಟಿ ಕೂತವು. ಆಗ ಅಂಟಾಗಿಯೇ ಮಾರಬಹುದಲ್ಲ ಅನ್ನಿಸಿತು. 1958ರಲ್ಲಿ ಅದು ಅಂಗಡಿಗೆ ಬಂತು.

ನಮಗೆ ಇದರಿಂದ ಗೊತ್ತಾಗಬೇಕಾದ್ದು ಇಷ್ಟು. ತೆಳ್ಳಗೆ ಹರಡಿದರೆ ಎರಡೂ ಕಡೆಯ ತೇವ ಅಂಟಿನ ಒಳಗಿನವರೆಗೂ ಮುಟ್ಟುತ್ತದೆ, ಕೆಲವೇ ಸೆಕೆಂಡಿನಲ್ಲಿ ಹಿಡಿಯುತ್ತದೆ. ದೊಡ್ಡ ಹನಿ ಬಿಟ್ಟರೆ ಹೊರಗೆ ತೊಗಟೆ ಕಟ್ಟುತ್ತದೆ, ಒಳಗೆ ಹಸಿಯಾಗೇ ಇರುತ್ತದೆ. ಜಾಸ್ತಿ ಹಾಕಿದರೆ ಜಾಸ್ತಿ ಹಿಡಿಯುತ್ತದೆ ಅನ್ನುವುದು ಮರದ ಕೆಲಸದ ಲೆಕ್ಕ, ಇಲ್ಲಿ ನಡೆಯುವುದಿಲ್ಲ.

ಎರಡನೇ ಅನುಮಾನ ಹವೆ. ಬಳ್ಳಾರಿ, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಗಾಳಿ ಒಣಗಿರುತ್ತದೆ, ಭಾಗದ ಮೈಯೂ ಒಣಗಿರುತ್ತದೆ. ಅಂಟು ಸೋಮಾರಿಯಾಗುತ್ತದೆ. ಅಂಟು ಹಾಕದ ಭಾಗದ ಮೇಲೆ ‘ಹಾ’ ಅಂತ ಒಮ್ಮೆ ಬಾಯಿಯ ಬಿಸಿ ಉಸಿರು ಬಿಡಿ, ಕನ್ನಡಕ ಒರೆಸುವ ಮುಂಚೆ ಬಿಡುತ್ತೇವಲ್ಲ ಹಾಗೆ. ಆಮೇಲೆ ಜೋಡಿಸಿ. ಅಷ್ಟು ತೇವ ಸಾಕು. ನೀರು ಸವರಬೇಡಿ.

ಮೂರನೆಯದು ಜಿಡ್ಡು. ರೆಸಿನ್, ಅಂದರೆ ಅಚ್ಚಿಗೆ ಸುರಿದು ಗಟ್ಟಿ ಮಾಡಿದ ಪ್ಲಾಸ್ಟಿಕ್, ಅದರ ಭಾಗಗಳನ್ನು ಅಚ್ಚಿನಿಂದ ಸಲೀಸಾಗಿ ಬಿಡಿಸಲು ಎಣ್ಣೆಯಂಥದ್ದೇನೋ ಸವರಿರುತ್ತಾರೆ. ಮುಟ್ಟಿದರೆ ಬೆರಳು ಜಾರಿದಂತೆ ಆಗುತ್ತದೆ. ಪಾತ್ರೆ ತೊಳೆಯುವ ಸೋಪು, ಉಗುರುಬೆಚ್ಚಗಿನ ನೀರು, ಹಳೇ ಹಲ್ಲುಜ್ಜುವ ಬ್ರಶ್ಶು ಸಾಕು. ಬಿಸಿ ನೀರು ಬೇಡ, ತೆಳು ಭಾಗ ಸೊಟ್ಟಗಾಗುತ್ತದೆ. ತೊಳೆದು ಪೂರ್ತಿ ಆರಲು ಬಿಡಿ.

ನಾಲ್ಕನೆಯದು ವಸ್ತುವೇ ಬೇರೆ ಇರುವುದು. ಮಂಗಳೂರಿನಲ್ಲಿರುವ ಅಕ್ಕನ ಮಗ ಒಮ್ಮೆ ಫೋನು ಮಾಡಿ, ‘ಮಾಮ, ಎಂತ ಮಾಡಿದರೂ ಹಿಡಿಯುವುದಿಲ್ಲ, ಮೂರು ಟ್ಯೂಬ್ ಮುಗಿಯಿತು’ ಅಂದ. ಟ್ಯಾಂಕ್ ಕಿಟ್‌ನ ಚಕ್ರದೊಳಗೆ ಕೂರುವ ಮೆತ್ತನೆಯ ಕಪ್ಪು ಬಳೆಯನ್ನು ಅಂಟಿಸಲು ಹೊರಟಿದ್ದ. ಅದು ಪಾಲಿಥೀನ್. ಅದಕ್ಕೆ ಸೂಪರ್ ಗ್ಲೂ ಹಿಡಿಯುವುದಿಲ್ಲ. ಅಸಲಿಗೆ ಹಿಡಿಯಬಾರದು ಅಂತಲೇ ಅದನ್ನು ಇಟ್ಟಿರುವುದು, ಚಕ್ರ ತಿರುಗಬೇಕಲ್ವಾ?

ವಸ್ತು ಯಾವುದು ಅಂತ ಅನುಮಾನ ಬಂದರೆ ಒಂದು ಲೋಟ ನೀರಿಗೆ ಒಂದು ಹನಿ ಪಾತ್ರೆ ಸೋಪು ಬೆರೆಸಿ, ಅದೇ ವಸ್ತುವಿನ ಚೂರನ್ನು ಮುಳುಗಿಸಿ ಬಿಡಿ. ಗುಳ್ಳೆ ಅಂಟಿದ್ದರೆ ಕೊಡವಿ. ತೇಲಿದರೆ ಅದು ಪಾಲಿಥೀನೋ ಪಾಲಿಪ್ರೊಪಿಲೀನೋ, ಅಂಟಿಗೆ ಮುಂಚೆ ಸವರುವ ವಿಶೇಷ ಪ್ರೈಮರ್ ಇಲ್ಲದೆ ಅಂಟುವುದಿಲ್ಲ. ಕಿಟ್‌ನ ಸಾಮಾನ್ಯ ಪ್ಲಾಸ್ಟಿಕ್ಕಾದ ಪಾಲಿಸ್ಟೈರೀನ್ ನಿಧಾನಕ್ಕಾದರೂ ಮುಳುಗುತ್ತದೆ, ರೆಸಿನ್ನೂ ಮುಳುಗುತ್ತದೆ.

ಹಡಗಿನ ಮಾಡೆಲ್ ಕಟ್ಟುವವರಿಗೆ ಒಂದು ಮಾತು. ಮರದ ಮೈ ಸ್ವಲ್ಪ ಹುಳಿ ಗುಣದ್ದು. ಹುಳಿ ಈ ಅಂಟನ್ನು ತಡೆಯುತ್ತದೆ. ಮೇಲಾಗಿ ಬಾಲ್ಸಾದಂಥ ಮರ ತೆಳು ಅಂಟನ್ನು ಕುಡಿದುಬಿಡುತ್ತದೆ. ಅಲ್ಲಿ ಮಧ್ಯಮ ಅಥವಾ ಗಟ್ಟಿ ಹದ ತೆಗೆದುಕೊಳ್ಳಿ. ಆತುರ ಇಲ್ಲದಿದ್ದರೆ ಫೆವಿಕಾಲೇ ಸರಿ.

ಲಕ್ಷಣ: ಹಿಡಿಯಿತು, ಆದರೆ ಬೆರಳು ತಾಗಿದರೆ ಟಕ್ ಅಂತ ಬಿಡುತ್ತದೆ

ಹೆಚ್ಚಿನವರ ದೂರು ಇದೇ. ಬಿಟ್ಟ ಕೂಡಲೇ ಮತ್ತೆ ಅಂಟು ಹಾಕಬೇಡಿ. ಮುರಿದ ಎರಡೂ ಮುಖಗಳನ್ನು ನೋಡಿ. ಭೂತಗನ್ನಡಿ ಇಲ್ಲದಿದ್ದರೆ ಫೋನಿನ ಕ್ಯಾಮೆರಾ ಜೂಮ್ ಮಾಡಿ. ತೊಂದರೆ ಏನು ಅಂತ ಆ ಮುಖದ ಮೇಲೇ ಬರೆದಿರುತ್ತದೆ.

ಅಂಟು ಒಂದು ಕಡೆ ಮಾತ್ರ ಉಳಿದು ಇನ್ನೊಂದು ಮುಖ ಕನ್ನಡಿಯಂತೆ ಬರಿದಾಗಿದ್ದರೆ, ಆ ಬರಿದಾದ ಕಡೆಗೆ ಅಂಟು ಹಿಡಿದೇ ಇಲ್ಲ. ಅಲ್ಲಿ ಜಿಡ್ಡಿತ್ತು ಅಥವಾ ಮೈ ತೀರಾ ನುಣುಪಾಗಿತ್ತು. ಫೋಟೋ ಎಚ್ ಹಿತ್ತಾಳೆಯಲ್ಲಿ, ಅಂದರೆ ಸಣ್ಣ ವಿವರಗಳಿಗೆ ಬಳಸುವ ತೆಳು ಹಿತ್ತಾಳೆ ಭಾಗಗಳಲ್ಲಿ, ಇದು ಮಾಮೂಲು. 600 ನಂಬರಿನ ಎಮರಿ ಪೇಪರಿನಲ್ಲಿ ಹಿಂಬದಿಯನ್ನು ನಾಲ್ಕು ಸಲ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಆಮೇಲೆ ಬೆರಳು ತಾಗಿಸದೆ ಚಿಮುಟದಲ್ಲೇ ಹಿಡಿದು ಅಂಟಿಸಿ.

ಎರಡೂ ಕಡೆ ಅಂಟು ಉಳಿದು ನಡುವೆ ಬಿರುಕು ಬಿಟ್ಟಿದ್ದರೆ ಪದರ ದಪ್ಪವಾಗಿತ್ತು. ಬಿರುಕಿನಲ್ಲಿ ಬಿಳಿ ನೊರೆಯಂಥ ಗುಳ್ಳೆ ಕಂಡರೆ ಬೇಗ ಗಟ್ಟಿಯಾಗಲಿ ಅಂತ ಸಿಂಪಡಿಸುವ ಆಕ್ಸಿಲರೇಟರ್ ಜಾಸ್ತಿಯಾಗಿದೆ. ಅದು ಒಂದೇ ಸಲ ಕುದಿಸಿದಂತೆ ಗಟ್ಟಿ ಮಾಡುತ್ತದೆ. ಅಂಟು ಹಪ್ಪಳದಷ್ಟು ಪೆಡಸಾಗುತ್ತದೆ.

ಅಂಟಿನ ಜೊತೆ ಬಣ್ಣವೂ ಕಿತ್ತು ಬಂದಿದೆಯೇ? ನೀವು ಅಂಟಿಸಿದ್ದು ಬಣ್ಣಕ್ಕೆ, ಪ್ಲಾಸ್ಟಿಕ್ಕಿಗಲ್ಲ. ಅಂಟು ಹಾಕುವ ಜಾಗವನ್ನು ಬ್ಲೇಡಿನಲ್ಲಿ ಕೆರೆದು ಪ್ಲಾಸ್ಟಿಕ್ ಕಾಣುವಂತೆ ಮಾಡಿ.

ಇನ್ನು ಪ್ಲಾಸ್ಟಿಕ್ಕೇ ಕಿತ್ತು ಬಂದಿದ್ದರೆ ಅಂಟು ಗೆದ್ದಿದೆ. ಭಾಗ ಸೋತಿದೆ. ನನ್ನ ಮಿಗ್‌ನ ಕಡ್ಡಿಯಲ್ಲಿ ಕಂಡದ್ದು ಇದೇ. ಬುಡದ ಅಗಲ ಅರ್ಧ ಮಿಲಿಮೀಟರ್ ಕೂಡ ಇಲ್ಲ. ಹೊರಕ್ಕೆ ಚಾಚಿದ ಉದ್ದವಾದರೋ ಬೆರಳಿನ ಒಂದು ಗೆಣ್ಣಿಗಿಂತ ಜಾಸ್ತಿ. ಪಕ್ಕದಿಂದ ಸುಮ್ನೆ ತಾಗಿದರೂ ಮೀಟುಗೋಲು ಇಟ್ಟು ಎತ್ತಿದಂತೆ. ಸೂಪರ್ ಗ್ಲೂ ನೇರವಾಗಿ ಎಳೆದರೆ ಚೆನ್ನಾಗಿ ತಡೆಯುತ್ತದೆ. ಪಕ್ಕದಿಂದ ಬಿದ್ದ ಪೆಟ್ಟು, ಸಿಪ್ಪೆ ಸುಲಿದಂತೆ ಎಳೆಯುವುದು, ಇವೆರಡಕ್ಕೂ ಅದು ಪುಕ್ಕಲು.

ಮದ್ದು ಪಿನ್ನು ಹಾಕುವುದು. ಕೈ ಡ್ರಿಲ್ಲಿನಲ್ಲಿ ಮೂಗಿನ ತುದಿಗೆ 0.3 ಮಿಲಿಮೀಟರ್ ತೂತು, ನಾಲ್ಕೈದು ಮಿಲಿಮೀಟರ್ ಆಳ. ಮುರಿದ ಕಡ್ಡಿಗೆ ಬದಲಾಗಿ ಹೆಚ್ಚುಕಡಿಮೆ ಅಷ್ಟೇ ದಪ್ಪದ ಉಕ್ಕಿನ ತಂತಿಯನ್ನು ಬೇಕಾದ ಉದ್ದಕ್ಕೆ ಕತ್ತರಿಸಿಕೊಂಡೆ. ತುದಿಯನ್ನು ಅರದಲ್ಲಿ ಉಜ್ಜಿ ಮೊಂಡು ಮಾಡಿದೆ. ಬುಡಕ್ಕೆ ಒಂದು ಚುಕ್ಕೆ ಮಧ್ಯಮ ಹದದ ಅಂಟು ಮುಟ್ಟಿಸಿ ತೂತಿಗೆ ಇಳಿಸಿದೆ. ಬಗ್ಗಿದರೂ ವಾಪಸ್ ನೆಟ್ಟಗಾಗುತ್ತದೆ. ಬೆಕ್ಕು ಆಮೇಲೂ ಬಂದುಹೋಗಿದೆ, ಕಡ್ಡಿ ಅಲ್ಲೇ ಇದೆ. ಬೊಂಬೆಯ ತೋಳು, ಹೆಲಿಕಾಪ್ಟರ್ ರೆಕ್ಕೆ, ರೆಸಿನ್ ಭಾಗ, ಯಾವುದೇ ಆಗಲಿ, ಭಾರ ಹೊರಬೇಕಾದರೆ ಪಿನ್ನು ಹಾಕಿ.

ಅಂಟಿಸಿದ ದಿನ ಗಟ್ಟಿಯಾಗಿದ್ದು ಎರಡು ತಿಂಗಳಿಗೆ ತಾನೇ ಉದುರಿದರೆ ಬಿಸಿಲನ್ನು ನೆನೆಸಿಕೊಳ್ಳಿ. ಬಿಸಿಗೆ ಪಾಲಿಸ್ಟೈರೀನ್ ಹಿತ್ತಾಳೆಗಿಂತ ಮೂರ್ನಾಲ್ಕು ಪಟ್ಟು ಜಾಸ್ತಿ ಹಿಗ್ಗುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಮಾಡೆಲ್ ಇಟ್ಟರೆ ಉದ್ದನೆಯ ಹಿತ್ತಾಳೆ ಪಟ್ಟಿ ಒಂದು ಕಡೆ ಎಳೆಯುತ್ತದೆ, ಪ್ಲಾಸ್ಟಿಕ್ ಇನ್ನೊಂದು ಕಡೆ. ಪೆಡಸು ಅಂಟು ನಡುವೆ ಬಿರಿಯುತ್ತದೆ. ಅಂಥ ಕಡೆ ರಬ್ಬರ್ ಬೆರೆಸಿದ ಕಪ್ಪು ಸೂಪರ್ ಗ್ಲೂ ಒಳ್ಳೆಯದು. ಸ್ವಲ್ಪ ಬಳುಕುತ್ತದೆ. ಅದು ಸಿಗದಿದ್ದರೆ ಅರಾಲ್ಡೈಟ್‌ನಂಥ ಎರಡು ಟ್ಯೂಬಿನ ಎಪಾಕ್ಸಿ.

ಇದೆಲ್ಲಕ್ಕಿಂತ ಮುಂಚೆ ಒಂದು ಪ್ರಶ್ನೆ: ಎರಡೂ ಕಡೆ ಕಿಟ್‌ನದೇ ಪ್ಲಾಸ್ಟಿಕ್ಕಾ? ಹಾಗಾದರೆ ಸೂಪರ್ ಗ್ಲೂ ಯಾಕೆ? ತಮಿಯಾ ಎಕ್ಸ್‌ಟ್ರಾ ಥಿನ್‌ನಂಥ ಪ್ಲಾಸ್ಟಿಕ್ ಸಿಮೆಂಟ್ ಎರಡೂ ಮೈಯನ್ನು ಕರಗಿಸಿ ಒಂದೇ ತುಂಡಾಗಿ ಮಾಡುತ್ತದೆ. ರೆಕ್ಕೆ, ಹೊಟ್ಟೆ, ಬಾಲ ಎಲ್ಲ ಅದರ ಕೆಲಸ. ಸೂಪರ್ ಗ್ಲೂ ಇರುವುದು ಲೋಹ, ರೆಸಿನ್, ಮತ್ತು ಸಿಮೆಂಟಿಗೆ ಕರಗದ ಉಳಿದವಕ್ಕೆ.

ಲಕ್ಷಣ: ಅಂಟಿನ ಸುತ್ತ ಬಿಳಿ ಬೂದಿ, ಗಾಜು ಮಂಜು ಮಂಜು

ಅದೇ ಮಿಗ್‌ನ ಕ್ಯಾನಪಿ, ಅಂದರೆ ಪೈಲಟ್ ತಲೆಯ ಮೇಲಿನ ಪಾರದರ್ಶಕ ಮುಚ್ಚಳ. ರಾತ್ರಿ ಅಂಟಿಸಿ, ಧೂಳು ಬೀಳದಿರಲಿ ಅಂತ ಡಬ್ಬಿಯಲ್ಲಿಟ್ಟು ಮಲಗಿದೆ. ಬೆಳಗ್ಗೆ ತೆಗೆದರೆ ಒಳಗಡೆ ನನ್ನ ಹೆಬ್ಬೆರಳ ಗುರುತು ಬಿಳಿಯಾಗಿ ಅಚ್ಚೊತ್ತಿತ್ತು. ಗೆರೆ ಗೆರೆಯೂ ಸ್ಪಷ್ಟ, ನೋಂದಣಿ ಕಚೇರಿಯಲ್ಲಿ ಒತ್ತಿಸಿಕೊಂಡ ಹಾಗೆ.

ಆದದ್ದು ಇಷ್ಟು. ಅಂಟು ಗಟ್ಟಿಯಾಗುವ ಮುಂಚೆ ಸ್ವಲ್ಪ ಆವಿಯಾಗಿ ಏಳುತ್ತದೆ. ಆ ಆವಿ ಗಾಳಿಯ ತೇವಕ್ಕೆ ಸಿಕ್ಕಿ ಬಿಳಿ ಪುಡಿಯಾಗಿ ಹತ್ತಿರದ ಮೈಮೇಲೆ ಕೂರುತ್ತದೆ. ಬೆರಳಿನ ಬೆವರು, ಜಿಡ್ಡು ಇರುವ ಕಡೆ ಇನ್ನೂ ಚೆನ್ನಾಗಿ ಕೂರುತ್ತದೆ. ಪೊಲೀಸರ ಬೆರಳಚ್ಚು ವಿಭಾಗದವರು ವಸ್ತುಗಳನ್ನು ಪೆಟ್ಟಿಗೆಯಲ್ಲಿಟ್ಟು ಇದೇ ಆವಿ ಹಾಯಿಸಿ ಗುರುತು ಎಬ್ಬಿಸುತ್ತಾರೆ. ನಾನು ನನ್ನ ವಿರುದ್ಧವೇ ಸಾಕ್ಷಿ ತಯಾರಿಸಿಟ್ಟಿದ್ದೆ.

ಬೂದಿ ಕಂಡರೆ ಈ ಕ್ರಮದಲ್ಲಿ ನೋಡಿ. ಅಂಟು ಜಾಸ್ತಿಯಾಯಿತೇ? ಮುಚ್ಚಿದ ಜಾಗವೇ? ಮಳೆಗಾಲವೇ? ಮಂಗಳೂರು, ಕಾರವಾರ, ಆಗುಂಬೆ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕಾಟ ತಪ್ಪಿದ್ದಲ್ಲ. ಅಂಟಿಗೆ ಹಿತವಾದ ಗಾಳಿಯ ತೇವ ಸುಮಾರು 40ರಿಂದ 60 ಪರ್ಸೆಂಟ್. ಅಲ್ಲಿಯ ಮಳೆಗಾಲದಲ್ಲಿ ಅದು ಎಷ್ಟೋ ಮೇಲಿರುತ್ತದೆ. ಮಾಡೆಲ್ಲನ್ನು ಮುಚ್ಚಿಡಬೇಡಿ, ಫ್ಯಾನನ್ನು ಕಡಿಮೆಯಲ್ಲಿಟ್ಟು ಆವಿ ಪಕ್ಕಕ್ಕೆ ಹೋಗುವಂತೆ ಮಾಡಿ. ಗಟ್ಟಿ ಹದದ ಅಂಟಿನಿಂದ ತೆಳುವಿನಷ್ಟು ಆವಿ ಏಳುವುದಿಲ್ಲ. ‘ವಾಸನೆ ಕಡಿಮೆ’ ಅಂತ ಮಾರುವ ಬೇರೆ ಬಗೆಯೂ ಇದೆ. ಬೆಲೆ ಜಾಸ್ತಿ, ಹಿಡಿಯುವುದು ನಿಧಾನ, ಆದರೆ ಬೂದಿ ತುಂಬಾ ಕಡಿಮೆ.

ಆದ ಬೂದಿಗೆ ಏನು ಮಾಡುವುದು? ಬಣ್ಣ ಹೊಡೆಯುವ ಜಾಗವಾದರೆ ತಲೆ ಕೆಡಿಸಿಕೊಳ್ಳಬೇಡಿ, ಒದ್ದೆ ಬಟ್ಟೆಯಲ್ಲಿ ಉಜ್ಜಿ ಪ್ರೈಮರ್ ಹೊಡೆಯಿರಿ. ಗಾಜಿನ ಹೊರಮೈ ಆದರೆ ಮೆತ್ತನೆಯ ಬಟ್ಟೆಗೆ ಬಿಳಿ ಟೂತ್‌ಪೇಸ್ಟ್ ಹಚ್ಚಿ ನಿಧಾನವಾಗಿ ತಿಕ್ಕಿ, ತೊಳೆದು, ಮೇಲೆ ನೀರಿನ ಆಧಾರದ ಹೊಳಪಿನ ಕ್ಲಿಯರ್ ವಾರ್ನಿಷ್ ಒಂದು ಕೈ ಕೊಡಿ. ಒಳಮೈ ಆದರೆ ಕ್ಯಾನಪಿ ಬಿಡಿಸಲೇಬೇಕು. ಬ್ಲೇಡ್ ತೂರಿಸಿದರೆ ಸೀಳುವ ಸಾಧ್ಯತೆ ಜಾಸ್ತಿ, ಬಿಡಿ ಕ್ಯಾನಪಿ ಸಿಗುತ್ತದೆಯೇ ನೋಡಿಕೊಂಡು ಕೈಹಾಕಿ. ಅಸಿಟೋನ್ ಮಾತ್ರ ಹತ್ತಿರವೂ ತರಬೇಡಿ. ಅದು ಅಂಟನ್ನು ಕರಗಿಸುವ ಮುಂಚೆ ಕ್ಯಾನಪಿಯನ್ನೇ ಕರಗಿಸುತ್ತದೆ.

ನಾನೀಗ ಕ್ಯಾನಪಿಗೆ ಫೆವಿಕಾಲ್ ಬಿಟ್ಟು ಬೇರೇನೂ ಮುಟ್ಟಿಸುವುದಿಲ್ಲ. ಒಣಗಿದ ಮೇಲೆ ಕಾಣುವುದಿಲ್ಲ. ಹೊರಗೆ ಬಂದದ್ದನ್ನು ಒದ್ದೆ ಕಡ್ಡಿಯಲ್ಲಿ ಒರೆಸಿದರಾಯಿತು. ಕ್ಯಾನಪಿ ಏನೂ ಭಾರ ಹೊರುವುದಿಲ್ಲ, ಅಷ್ಟು ಹಿಡಿತ ಸಾಕು.

ಲಕ್ಷಣ: ಬೇಡದ ಕಡೆ ಹರಿದುಹೋಯಿತು

ಟ್ಯೂಬಿನ ಮೂತಿಯಿಂದ ನೇರವಾಗಿ ಹಾಕಿದ್ದೀರಿ, ಇನ್ನೇನು. ತೆಳು ಅಂಟು ಸಂದಿನೊಳಗೆ ತಾನೇ ನುಗ್ಗುತ್ತದೆ. ಸಂದಿನ ಮೇಲೆ ನಿಮ್ಮ ಬೆರಳಿದ್ದರೆ ಬೆರಳಿನ ಕೆಳಗೂ ನುಗ್ಗುತ್ತದೆ. ನನ್ನ ಬೆರಳಚ್ಚು ಹೊತ್ತ ವಿಮಾನಗಳು ಮನೆಯಲ್ಲಿ ಮೂರಿವೆ.

ಒಂದು ಹನಿಯನ್ನು ಅಲ್ಯುಮಿನಿಯಂ ಫಾಯಿಲ್ ಮೇಲೆ ಬಿಡಿ. ಕಾಗದದ ಮೇಲೆ ಬೇಡ, ಹೀರಿಕೊಂಡು ಗಟ್ಟಿಯಾಗುತ್ತದೆ. ದಪ್ಪ ಹೊಲಿಗೆ ಸೂಜಿಯ ಕಣ್ಣಿನ ತುದಿಯನ್ನು ಕಟಿಂಗ್ ಪ್ಲೇಯರಿನಲ್ಲಿ ಕತ್ತರಿಸಿದರೆ ಪುಟ್ಟ ಕವೆ ಸಿಗುತ್ತದೆ. ಕತ್ತರಿಸುವಾಗ ತುಂಡು ಹಾರುತ್ತದೆ, ಕನ್ನಡಕ ಇರಲಿ. ಮೊನೆಯ ಕಡೆಯನ್ನು ಹಳೇ ಪೆನ್ನಿನ ಕೊಳವೆಗೆ ಸಿಕ್ಕಿಸಿ. ಕವೆಯನ್ನು ಹನಿಗೆ ಅದ್ದಿದರೆ ಎರಡು ಕವಲಿನ ನಡುವೆ ಸಾಸಿವೆಗಿಂತ ಚಿಕ್ಕ ಅಂಟು ನಿಲ್ಲುತ್ತದೆ. ಭಾಗಗಳನ್ನು ಮೊದಲು ಅಂಟು ಹಾಕದೆಯೇ ಜೋಡಿಸಿಟ್ಟು ಸಂದಿನ ಅಂಚಿಗೆ ಇದನ್ನು ಮುಟ್ಟಿಸಿ. ಸರ್ ಅಂತ ಒಳಗೆ ಹೋಗುವುದು ಕಣ್ಣಿಗೇ ಕಾಣುತ್ತದೆ. ಕವೆಗೆ ಅಂಟು ಕಟ್ಟಿಕೊಂಡರೆ ಅಸಿಟೋನಿನಲ್ಲಿ ನೆನೆಸಿ. ಬೆಂಕಿಯಲ್ಲಿ ಸುಡುವವರಿದ್ದಾರೆ, ಆ ಹೊಗೆ ಕಣ್ಣು, ಮೂಗು ಉರಿಸುತ್ತದೆ. ಬೇಡ.

ಜೋಡಿಸಿದ ಮೇಲೆ ಸ್ವಲ್ಪ ಅತ್ತಿತ್ತ ಸರಿಸಬೇಕು ಅನ್ನುವ ಕಡೆ ಜೆಲ್ ಬಳಸಿ. ಹರಿಯುವುದಿಲ್ಲ, ಹತ್ತಾರು ಸೆಕೆಂಡು ಪುರಸೊತ್ತು ಕೊಡುತ್ತದೆ.

ಹರಿದದ್ದು ಆಗಲೇ ಗಟ್ಟಿಯಾಗಿದ್ದರೆ ಒರೆಸಲು ಹೋಗಬೇಡಿ. 800, ಆಮೇಲೆ 1200 ನಂಬರಿನ ವಾಟರ್ ಪೇಪರಿನಲ್ಲಿ ನೀರು ಹಾಕಿ ಉಜ್ಜಿ.

ಲಕ್ಷಣ: ಸಂದು ತುಂಬಿತು, ಉಜ್ಜಿದ ಮೇಲೆ ಗೆರೆ ಎದ್ದು ಕಾಣುತ್ತದೆ

ಇದು ಹೊತ್ತಿನ ತಪ್ಪು. ಗಟ್ಟಿಯಾದ ಮೊದಲ ಒಂದು ಗಂಟೆಯೊಳಗೆ ಸೂಪರ್ ಗ್ಲೂ ಪ್ಲಾಸ್ಟಿಕ್ಕಿನಷ್ಟೇ ಸುಲಭವಾಗಿ ಸವೆಯುತ್ತದೆ. ಮಾರನೇ ದಿನಕ್ಕೆ ಅದು ಪ್ಲಾಸ್ಟಿಕ್ಕಿಗಿಂತ ಗಟ್ಟಿ. ಆಗ ಉಜ್ಜಿದರೆ ಅಕ್ಕಪಕ್ಕದ ಪ್ಲಾಸ್ಟಿಕ್ ಸವೆದು ಅಂಟಿನ ಗೆರೆ ದಿಬ್ಬವಾಗಿ ಉಳಿಯುತ್ತದೆ. ಭಾನುವಾರ ಸಂಜೆ ತುಂಬಿ ಮುಂದಿನ ಶನಿವಾರ ಉಜ್ಜುವವರಿಗೆಲ್ಲ ಇದೇ ಗತಿ.

ಕೂದಲೆಳೆಯ ಸಂದಿಗೆ ತೆಳು ಸಾಕು. ಪೋಸ್ಟ್‌ಕಾರ್ಡಿನ ದಪ್ಪದಷ್ಟು ಸಂದಿದ್ದರೆ ಗಟ್ಟಿ ಹದ. ಅದಕ್ಕೂ ಮೇಲಾದರೆ ಪ್ಲಾಸ್ಟಿಕ್ ಪಟ್ಟಿ ತುರುಕಿ ಸಿಮೆಂಟ್ ಹಾಕಿ, ಅಥವಾ ಎಂ-ಸೀಲ್‌ನಂಥ ಎಪಾಕ್ಸಿ ಪುಟ್ಟಿ ತುಂಬಿ. ಅಡುಗೆ ಸೋಡಾ ಉದುರಿಸಿ ಮೇಲೆ ತೆಳು ಅಂಟು ಬಿಡುವ ಉಪಾಯ ಎಲ್ಲರಿಗೂ ಗೊತ್ತು. ಸೋಡಾ ಕ್ಷಾರ, ಹಾಗಾಗಿ ಚಿಟಿಕೆ ಹೊಡೆಯುವಷ್ಟರಲ್ಲಿ ಗಟ್ಟಿಯಾಗುತ್ತದೆ. ಆದರೆ ಅದು ಕಲ್ಲು. ಒಳಗೆ ಕಾಣದ ಕಡೆ ಬಲಕ್ಕಾಗಿ ಹಾಕಿ. ಹೊರಗೆ ಉಜ್ಜಬೇಕಾದ ಕಡೆ ಮುಖಕ್ಕೆ ಹಾಕುವ ಟಾಲ್ಕಂ ಪೌಡರನ್ನು ಗಟ್ಟಿ ಅಂಟಿನಲ್ಲಿ ಕಲಸಿ ಹಾಕಿ. ನಿಧಾನಕ್ಕೆ ಗಟ್ಟಿಯಾಗುತ್ತದೆ, ಎಷ್ಟೋ ಸುಲಭವಾಗಿ ಸವೆಯುತ್ತದೆ. ಉಜ್ಜುವಾಗ, ಅದರಲ್ಲೂ ರೆಸಿನ್ ಆದರೆ, ಮಾಸ್ಕ್ ಹಾಕಿಕೊಂಡು ನೀರು ಹಾಕಿಯೇ ಉಜ್ಜಿ.

ಲಕ್ಷಣ: ಥರ್ಮೋಕೋಲ್ ಬೇಸ್ ತೂತು ಬಿದ್ದು ಕರಗಿತು

ಮಾಮೂಲಿ ಸೂಪರ್ ಗ್ಲೂ ಥರ್ಮೋಕೋಲನ್ನು ತಿನ್ನುತ್ತದೆ. ರಿಪೇರಿ ಇಲ್ಲ. ಫೆವಿಕಾಲ್ ಬಳಸಿ, ಅಥವಾ ‘ಫೋಮ್ ಸೇಫ್’ ಅಂತ ಬರೆದ ಬಾಟಲಿ ತನ್ನಿ.

ಇಲ್ಲಿ ರಿಪೇರಿ ನಿಲ್ಲಿಸಿ: ಬೆರಳು, ಬಟ್ಟೆ, ಕಣ್ಣು, ಉಸಿರು

ಬೆರಳು ಬೆರಳಿಗೆ ಅಂಟಿದರೆ ಎಳೆಯಬೇಡಿ, ಚರ್ಮ ಕಿತ್ತು ಬರುತ್ತದೆ. ಬೆಚ್ಚಗಿನ ಸೋಪು ನೀರಿನಲ್ಲಿ ಅದ್ದಿಟ್ಟು, ನಡುವೆ ಪೆನ್ಸಿಲ್ ಇಟ್ಟು ಮೆಲ್ಲಗೆ ಉರುಳಿಸುತ್ತ ಬಿಡಿಸಿ. ಗಾಯ ಇಲ್ಲದ ಬೆರಳಿಗೆ ಅಸಿಟೋನ್ ಇರುವ ನೈಲ್ ಪಾಲಿಶ್ ರಿಮೂವರ್ ಆಗುತ್ತದೆ. ಅದು ಬೇಗ ಹೊತ್ತಿಕೊಳ್ಳುತ್ತದೆ, ಒಲೆ, ದೇವರ ದೀಪದ ಹತ್ತಿರ ಬೇಡ.

ಹತ್ತಿ ಅಥವಾ ಉಣ್ಣೆ ಬಟ್ಟೆ ಮೇಲೆ ಚೆಲ್ಲಿದರೆ ಒಂದೇ ಸಲಕ್ಕೆ ಗಟ್ಟಿಯಾಗುತ್ತದೆ, ಆ ಭರಕ್ಕೆ ಬಟ್ಟೆ ಕಾಯುತ್ತದೆ. ಹೊಗೆಯಾಡಿ ಚರ್ಮ ಸುಡುವಷ್ಟು. ಹತ್ತಿಯ ಕೈಗವಸು ಬೇಡ ಅಂದದ್ದು ಇದಕ್ಕೇ. ತೊಡೆ ಮೇಲೆ ಟ್ಯೂಬ್ ಒಡೆದರೆ ಬಟ್ಟೆಯನ್ನು ಮೈಯಿಂದ ದೂರ ಎಳೆದು ಹಿಡಿದು ಧಾರಾಳವಾಗಿ ತಣ್ಣೀರು ಸುರಿಯಿರಿ. ಬಟ್ಟೆ ಮೈಗೆ ಅಂಟಿದ್ದರೆ ಕಿತ್ತೆಳೆಯಬೇಡಿ. ಬೊಬ್ಬೆ ಎದ್ದರೆ ಡಾಕ್ಟರ ಹತ್ತಿರ ಹೋಗಿ.

ಕಣ್ಣಿಗೆ ಹಾರಿದರೆ ಮನೆಮದ್ದು ಯಾವುದೂ ಇಲ್ಲ. ಹದಿನೈದು ನಿಮಿಷ ಉಗುರುಬೆಚ್ಚಗಿನ ನೀರು ಹಾಯಿಸಿ. ರೆಪ್ಪೆ ಅಂಟಿದ್ದರೆ ಬಲವಂತವಾಗಿ ಬಿಡಿಸಬೇಡಿ, ಅಸಿಟೋನ್ ಮುಟ್ಟಿಸಲೇಬೇಡಿ. ಒದ್ದೆ ಬಟ್ಟೆ ಮುಚ್ಚಿಕೊಂಡು ಆಗಲೇ ಕಣ್ಣಿನ ಆಸ್ಪತ್ರೆಗೆ ಹೋಗಿ. ಸೂಪರ್ ಗ್ಲೂವಿನ ಪುಟ್ಟ ಬಾಟಲಿ, ಕಣ್ಣಿಗೆ ಬಿಡುವ ಔಷಧಿಯ ಬಾಟಲಿ ಎರಡೂ ನೋಡಲು ಒಂದೇ ಥರ. ಅದಲುಬದಲಾಗಿ ಕಣ್ಣಿಗೆ ಬಿಟ್ಟುಕೊಂಡವರು ಇದ್ದಾರೆ. ಎರಡನ್ನೂ ಒಂದೇ ಡ್ರಾಯರಿನಲ್ಲಿ ಇಡಬೇಡಿ, ಮನೆಯಲ್ಲಿ ವಯಸ್ಸಾದವರಿದ್ದರಂತೂ ಖಂಡಿತ ಬೇಡ.

ಕಣ್ಣು ಮೂಗು ಉರಿದರೆ ಎದ್ದು ಹೊರಗೆ ಹೋಗಿ. ಉಬ್ಬಸ ಇರುವವರಿಗೆ ಎದೆ ಬಿಗಿದಂತಾದರೆ ಆವತ್ತಿನ ಕೆಲಸ ಅಲ್ಲಿಗೇ ಮುಗಿಯಿತು. ಪದೇ ಪದೇ ಹಾಗಾದರೆ ಡಾಕ್ಟರಿಗೆ ತೋರಿಸಿ, ಅಲ್ಲಿಯವರೆಗೆ ಈ ಅಂಟನ್ನು ಬಿಡಿ.

ಲಕ್ಷಣ: ಒಂದು ಸಲ ಬಳಸಿದ ಟ್ಯೂಬ್ ಮಾರನೇ ವಾರಕ್ಕೆ ಕಲ್ಲು

ಮೂತಿ ಕಟ್ಟಿಕೊಂಡಿದ್ದರೆ ಪಿನ್ನು ಚುಚ್ಚಿ ಜೋರಾಗಿ ಹಿಂಡುವ ಅಭ್ಯಾಸ ಬಿಡಿ. ಕಣ್ಣಿಗೆ ಹಾರುವುದು ಹಾಗೆಯೇ. ಮೂತಿಯ ತುದಿಯನ್ನು ಬ್ಲೇಡಿನಲ್ಲಿ ಒಂದು ಮಿಲಿಮೀಟರ್ ಕತ್ತರಿಸಿ, ಮುಖದಿಂದ ಆಚೆ ತಿರುಗಿಸಿ ಮೆಲ್ಲಗೆ ಒತ್ತಿ ನೋಡಿ. ಬಾರದಿದ್ದರೆ ಎಸೆಯಿರಿ.

ಮುಂದಿನ ಟ್ಯೂಬಿಗೆ ಹೀಗೆ ಮಾಡಿ. ಬಳಸಿದ ಮೇಲೆ ನೆಟ್ಟಗೆ ನಿಲ್ಲಿಸಿ ಬುಡವನ್ನು ಮೇಜಿಗೆ ಎರಡು ಸಲ ಕುಟ್ಟಿ, ಮೂತಿಯ ಅಂಟು ಒಳಗಿಳಿಯುತ್ತದೆ. ಮೂತಿಯನ್ನು ಪ್ಲಾಸ್ಟಿಕ್ ಹಾಳೆಯ ಚೂರಿನಲ್ಲಿ ಒರೆಸಿ, ಮುಚ್ಚಳ ಹಾಕಿ. ಗಾಳಿಯಾಡದ ಡಬ್ಬಿಯಲ್ಲಿ, ಹೊಸ ಚಪ್ಪಲಿಯ ಜೊತೆ ಬರುತ್ತದಲ್ಲ ಆ ಸಿಲಿಕಾ ಜೆಲ್ ಪೊಟ್ಟಣದ ಜೊತೆ, ನೆಟ್ಟಗೆ ಇಡಿ. ಇನ್ನೂ ತೆರೆಯದ ಬಾಟಲಿಗಳಿಗೆ ಫ್ರಿಜ್ ಒಳ್ಳೆಯದು. ಆದರೆ ಹೊರಗೆ ತೆಗೆದ ಕೂಡಲೇ ಮುಚ್ಚಳ ಬಿಚ್ಚಬೇಡಿ. ತಣ್ಣಗಿನ ಬಾಟಲಿಗೆ ನೀರು ಕಟ್ಟುತ್ತದೆ, ಆ ತೇವ ಒಳಗೆ ಹೋದರೆ ಇಟ್ಟದ್ದೇ ದಂಡ. ಒಂದು ಗಂಟೆ ಹೊರಗಿಡಿ.

ಡಬ್ಬಿಯ ಮೇಲೆ ಏನಿದೆ ಅಂತ ದೊಡ್ಡದಾಗಿ ಬರೆದು, ತಿನ್ನುವ ಸಾಮಾನಿನಿಂದ ದೂರ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ನಾನು ಬರೆಯದೆ ಮೊಸರಿನ ಪಾತ್ರೆ ಪಕ್ಕ ಇಟ್ಟಿದ್ದೆ. ಈಗ ನನ್ನ ಅಂಟಿಗೆ ಫ್ರಿಜ್ಜಿನಲ್ಲಿ ಜಾಗ ಇಲ್ಲ.